ಏಕೀಕರಣದ ಹೆಸರಿನಲ್ಲಿ ವಿಭಜನೆ: ನೈಜೀರಿಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ಫಲ

೧

ಬ್ರಿಟಿಷರ ಆಳ್ವಿಕೆಗೆ ಒಳಗಾದ ನಾಡುಗಳ ಚರಿತ್ರೆಯನ್ನು ಕುರಿತು ಮಾತನಾಡುವಾಗ ‘ಒಡೆದು ಆಳುವ ನೀತಿ’ ಎಂಬ ನುಡಿ ತಾನಾಗಿಯೇ ನಾಲಗೆಗೆ ಬರುತ್ತದೆ. ನುಡಿ ಸುಳ್ಳಲ್ಲ. ಆದರೆ ಅದು ಎಷ್ಟೋ ವೇಳೆ ವಿಚಾರವನ್ನು ಮೊದಲಾಗಗೊಡದೆ ಮುಗಿಸಿಬಿಡುತ್ತದೆ. ಒಡೆಯುವುದಕ್ಕೆ ಮುಂಚೆ ಅಲ್ಲಿದ್ದುದು ಏನು, ಒಡೆದ ಸಾಧನಗಳು ಯಾವುವು, ಆಳುವವರು ಬೇಕೆಂದೇ ಒಡೆದರೋ ಅಥವಾ ತಮ್ಮ ಅನುಕೂಲವನ್ನು ನೋಡಿಕೊಳ್ಳುವ ಭರದಲ್ಲಿ ಒಡಕಿಗೆ ಕಾರಣರಾದರೋ, ಅವರು ಹೊರಟುಹೋದ ಮೇಲೂ ಒಡಕು ಏಕೆ ಉಳಿಯಿತು ಎಂಬ ಪ್ರಶ್ನೆಗಳಿಗೆ ಆ ಒಂದು ನುಡಿಯಿಂದ ಉತ್ತರ ದೊರೆಯಲಾರದು.

ಪಶ್ಚಿಮ ಆಫ್ರಿಕದ ನೈಜೀರಿಯಾ ದೇಶದ ಚರಿತ್ರೆ ಈ ಪ್ರಶ್ನೆಗಳ ಪರಿಶೀಲನೆಗೆ ವಿಶೇಷವಾಗಿ ತಕ್ಕುದಾಗಿದೆ. ಏಕೆಂದರೆ ಅಲ್ಲಿ ಬ್ರಿಟಿಷರು ಮೇಲುನೋಟಕ್ಕೆ ಮಾಡಿದ್ದು ಒಡೆಯುವ ಕೆಲಸವಲ್ಲ, ಕೂಡಿಸುವ ಕೆಲಸ. ೧೯೧೪ನೆಯ ಇಸವಿ ಜನವರಿ ೧ರಂದು ಅವರು ಉತ್ತರದ ಸಂರಕ್ಷಿತ ಪ್ರಾಂತವನ್ನೂ ದಕ್ಷಿಣದ ವಸಾಹತನ್ನೂ ಸಂರಕ್ಷಿತ ಪ್ರಾಂತವನ್ನೂ ಒಂದುಗೂಡಿಸಿ ಒಂದೇ ದೇಶವೆಂದು ಸಾರಿದರು. ೧೯೬೦ರ ಅಕ್ಟೋಬರ್ ೧ರಂದು ಆ ದೇಶ ಸ್ವತಂತ್ರವಾಯಿತು. ಅಲ್ಲಿಂದ ಏಳು ವರ್ಷ ತುಂಬುವುದರೊಳಗೆ ಅದು ಅಂತರ್ಯುದ್ಧದಲ್ಲಿ ಬಿದ್ದು ಲಕ್ಷೋಪಲಕ್ಷ ಜನರನ್ನು ಕಳೆದುಕೊಂಡಿತು. ಕೂಡಿಸಿದ ದೇಶ ಹೀಗೇಕೆ ಒಡೆಯಿತು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

೨

ಮೊದಲು ಒಂದು ಭ್ರಮೆಯನ್ನು ದೂರಮಾಡಿಕೊಳ್ಳಬೇಕು. ಬ್ರಿಟಿಷರು ಬರುವುದಕ್ಕೆ ಮುಂಚೆ ಅಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಬಾಳುತ್ತಿದ್ದರೆಂದು ಹೇಳುವುದು ಚರಿತ್ರೆಗೆ ಸಲ್ಲದು. ಉತ್ತರದ ಹೌಸಾ ರಾಜ್ಯಗಳ ಮೇಲೆ ೧೮೦೪ರಲ್ಲಿ ಉಸ್ಮಾನ್ ದಾನ್ ಫೋದಿಯೋ ಎಂಬ ಫುಲಾನಿ ಧರ್ಮಗುರು ಧರ್ಮಯುದ್ಧ ಹೂಡಿದನು. ಅದರ ಫಲವಾಗಿ ಸೊಕೊಟೊ ಸಾಮ್ರಾಜ್ಯ ಹುಟ್ಟಿತು. ಅದರ ಅಮೀರರ ದಂಡುಗಳು ನೆರೆಯ ಇಸ್ಲಾಮೇತರ ಜನರನ್ನು ಸೆರೆಹಿಡಿದು ದಾಸರನ್ನಾಗಿ ಮಾಡುತ್ತಿದ್ದುವು. ನೈರುತ್ಯದಲ್ಲಿ ಓಯೊ ಸಾಮ್ರಾಜ್ಯ ಕುಸಿದ ಮೇಲೆ ಯೊರುಬಾ ನುಡಿಯಾಡುವ ರಾಜ್ಯಗಳೇ ಹತ್ತೊಂಬತ್ತನೆಯ ಶತಮಾನದ ಬಹುಭಾಗ ತಮ್ಮ ತಮ್ಮೊಳಗೆ ಕಾದಾಡಿದುವು. ಆಗ್ನೇಯದ ಇಗ್ಬೊ ಜನರಲ್ಲಿ ಬಹುಪಾಲು ಊರುಗಳಿಗೆ ಅರಸನೆಂಬವನೇ ಇರಲಿಲ್ಲ. ಹಿರಿಯರ ಕೂಟ, ಸಮವಯಸ್ಕರ ಕೂಟ, ಹೆಂಗಸರ ಕೂಟ ಇವೇ ಊರಿನ ಆಡಳಿತವನ್ನು ನಡೆಸುತ್ತಿದ್ದುವು.

ಭೇದಗಳು ಇದ್ದುವು ನಿಜ. ಆದರೆ ಅವು ಗೆರೆ ಎಳೆದಂತೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕಾನೊ ಪಟ್ಟಣದ ವರ್ತಕರು ಕೋಲಾ ಕಾಯಿಗಾಗಿ ದಕ್ಷಿಣದ ಕಾಡುಸೀಮೆಯವರೆಗೆ ಹೋಗಿಬರುತ್ತಿದ್ದರು. ಇಲೊರಿನ್ ಪಟ್ಟಣದ ಜನ ಆಡುತ್ತಿದ್ದುದು ಯೊರುಬಾ ನುಡಿ, ಅವರ ಅರಸ ಫುಲಾನಿ ಅಮೀರ. ಯೊರುಬಾ ಜನರಲ್ಲಿ ಮುಸಲ್ಮಾನರೂ ಇದ್ದರು, ಹಳೆಯ ದೇವತೆಗಳನ್ನು ಪೂಜಿಸುವವರೂ ಇದ್ದರು. ಇನ್ನೂ ಮುಖ್ಯವಾದ ವಿಷಯವೆಂದರೆ, ಅಂದಿನ ಮನುಷ್ಯನನ್ನು ‘ನೀನು ಯಾರು?’ ಎಂದು ಕೇಳಿದ್ದರೆ ಅವನು ‘ಯೊರುಬಾ’ ಎಂದಾಗಲಿ ‘ಇಗ್ಬೊ’ ಎಂದಾಗಲಿ ಹೇಳುವ ಸಂಭವ ಕಡಿಮೆ. ಎಗ್ಬಾ, ಇಜೆಬು, ಎಕಿಟಿ ಎಂದು ತನ್ನ ಸೀಮೆಯ ಹೆಸರನ್ನೋ ಒನಿತ್ಷಾ, ಅರೊಚುಕು ಎಂದು ಊರಿನ ಹೆಸರನ್ನೋ ಹೇಳುತ್ತಿದ್ದನು. ಊರುಗಳನ್ನು ಮೀರಿದ ಆ ದೊಡ್ಡ ಹೆಸರುಗಳು ಜನರ ಬಾಯಲ್ಲಿ ನೆಲೆಗೊಂಡದ್ದು ಮುಂದೆ ಮಿಷನರಿಗಳ ಶಾಲೆ, ಅಚ್ಚಿನ ಪುಸ್ತಕ, ಪಟ್ಟಣವಾಸ ಮತ್ತು ಸರ್ಕಾರದ ಜನಗಣತಿ ಇವುಗಳಿಂದ. ಯೊರುಬಾ ನುಡಿಯ ಸಂಪೂರ್ಣ ಬೈಬಲ್ಲು ೧೮೮೪ರಲ್ಲಿಯೂ, ಹಲವು ಉಪಭಾಷೆಗಳನ್ನು ಬೆರೆಸಿ ಸಿದ್ಧಪಡಿಸಿದ ಇಗ್ಬೊ ಬೈಬಲ್ಲು ೧೯೧೩ರಲ್ಲಿಯೂ ಹೊರಬಂದುವು.

ಚದರಿದ ಜನ ತಮ್ಮ ನುಡಿಯಲ್ಲಿ ಒಂದಾಗುವುದು ತಾನಾಗಿ ಕೇಡಲ್ಲ. ಅದು ಎಷ್ಟೋ ಜನಾಂಗಗಳ ಏಳಿಗೆಗೆ ಮೂಲವಾಗಿದೆ. ಕೇಡು ಬಂದುದು ಬೇರೆ ದಾರಿಯಿಂದ.

೩

ಲೇಗೋಸ್ ಬಂದರು ೧೮೬೧ರಲ್ಲಿ ಬ್ರಿಟಿಷರ ವಶವಾಯಿತು. ನೈಜರ್ ನದಿಯ ಸೀಮೆಯನ್ನು ೧೮೮೬ರಿಂದ ರಾಯಲ್ ನೈಜರ್ ಕಂಪನಿ ಸನದು ಪಡೆದು ಆಳುತ್ತಿತ್ತು. ೧೯೦೦ರಲ್ಲಿ ಬ್ರಿಟಿಷ್ ಸರ್ಕಾರ ಆ ಸನದನ್ನು ಹಿಂದಕ್ಕೆ ತೆಗೆದುಕೊಂಡು ಆಡಳಿತವನ್ನು ತಾನೇ ವಹಿಸಿಕೊಂಡಿತು. ದೇಶದ ಹೆಸರು ಕೂಡ ಹೊರಗಿನಿಂದ ಬಂದುದೇ. ೧೮೯೭ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಫ್ಲೋರಾ ಷಾ ಎಂಬ ಲೇಖಕಿ ‘ನೈಜೀರಿಯಾ’ ಎಂಬ ಹೆಸರನ್ನು ಸೂಚಿಸಿದಳು. ೧೯೦೨ರಲ್ಲಿ ಆಕೆ ಮದುವೆಯಾದ ಫ್ರೆಡರಿಕ್ ಲುಗಾರ್ಡನೇ ಉತ್ತರ ನೈಜೀರಿಯಾದ ಮೊದಲ ಹೈಕಮಿಷನರ್. ೧೯೦೩ರಲ್ಲಿ ಕಾನೊ, ಸೊಕೊಟೊಗಳನ್ನು ಗೆದ್ದವನೂ ೧೯೧೪ರಲ್ಲಿ ಏಕೀಕರಣವನ್ನು ನಡೆಸಿದವನೂ ಇವನೇ.

ಲುಗಾರ್ಡ್ ಹುಟ್ಟಿದ್ದು ೧೮೫೮ರಲ್ಲಿ, ಮದರಾಸಿನಲ್ಲಿ. ಯೌವನದಲ್ಲಿ ಅವನು ಭಾರತದ ಸೈನ್ಯದಲ್ಲಿ ಸೇವೆ ಮಾಡಿದ್ದನು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಅರಸರನ್ನು ಗದ್ದುಗೆಯ ಮೇಲೆ ಉಳಿಸಿ, ಪಕ್ಕದಲ್ಲೊಬ್ಬ ರೆಸಿಡೆಂಟನನ್ನು ಇಟ್ಟು ಬ್ರಿಟಿಷರು ತಮ್ಮ ಕಾರ್ಯವನ್ನು ಸಾಧಿಸುತ್ತಿದ್ದ ಕ್ರಮ ಮೈಸೂರು, ಹೈದರಾಬಾದುಗಳ ಚರಿತ್ರೆ ಬಲ್ಲವರಿಗೆ ಹೊಸದಲ್ಲ. ಉತ್ತರ ನೈಜೀರಿಯಾದಲ್ಲಿಯೂ ಅದೇ ಬಗೆಯ ಏರ್ಪಾಡು ಕಾಣಿಸಿಕೊಂಡಿತು; ಪ್ರಾಂತಾಧಿಕಾರಿಗಳಿಗೆ ಅಲ್ಲಿಯೂ ‘ರೆಸಿಡೆಂಟ್’ ಎಂಬ ಹೆಸರೇ ಇತ್ತು. ಅಮೀರರು ಉಳಿದರು, ಅವರ ನ್ಯಾಯಾಲಯಗಳು ಉಳಿದುವು, ಕಂದಾಯ ವಸೂಲಿಯೂ ಅವರ ಕೈಯಲ್ಲೇ ಉಳಿಯಿತು. ಇದಕ್ಕೆ ‘ಪರೋಕ್ಷ ಆಡಳಿತ’ವೆಂದು ಹೆಸರು. ಕೆಲವೇ ನೂರು ಬಿಳಿಯ ಅಧಿಕಾರಿಗಳಿಂದ ಎರಡು ಕೋಟಿ ಜನರನ್ನು ಆಳುವುದಕ್ಕೆ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

ಏಕೀಕರಣದ ಮೂಲದಲ್ಲಿಯೂ ಇದೇ ಲೆಕ್ಕಾಚಾರವಿತ್ತು. ಉತ್ತರದ ಆಡಳಿತದ ಖರ್ಚು ಅಲ್ಲಿನ ಉತ್ಪನ್ನಕ್ಕೆ ಮೀರಿದುದು. ಕೊರತೆಯನ್ನು ಲಂಡನ್ನಿನ ಬೊಕ್ಕಸ ತುಂಬಿಕೊಡಬೇಕಾಗಿತ್ತು. ದಕ್ಷಿಣದಲ್ಲಾದರೋ ಆಮದು ಸುಂಕದಿಂದ, ಅದರಲ್ಲಿಯೂ ಮದ್ಯದ ಮೇಲಿನ ಸುಂಕದಿಂದ, ಹಣ ಮಿಗುತ್ತಿತ್ತು. ಎರಡನ್ನೂ ಕೂಡಿಸಿದರೆ ದಕ್ಷಿಣದ ಮಿಗತೆ ಉತ್ತರದ ಕೊರತೆಯನ್ನು ತುಂಬುತ್ತದೆ. ಕನ್ನಡಿಗರಿಗೆ ಏಕೀಕರಣವೆಂದರೆ ಜನ ದಶಕಗಳ ಕಾಲ ಬಯಸಿ ದುಡಿದು ೧೯೫೬ರಲ್ಲಿ ಪಡೆದುಕೊಂಡ ಫಲ. ನೈಜೀರಿಯಾದ ಏಕೀಕರಣವನ್ನು ಅಲ್ಲಿನ ಜನ ಕೇಳಿರಲೂ ಇಲ್ಲ, ಅವರನ್ನು ಯಾರೂ ಕೇಳಿದುದೂ ಇಲ್ಲ.

ಬೊಕ್ಕಸ ಒಂದಾಯಿತೇ ಹೊರತು ಆಡಳಿತ ಒಂದಾಗಲಿಲ್ಲ. ಉತ್ತರಕ್ಕೊಬ್ಬ, ದಕ್ಷಿಣಕ್ಕೊಬ್ಬ ಲೆಫ್ಟಿನೆಂಟ್ ಗವರ್ನರ್ ಮುಂದುವರಿದರು. ಭೂಮಿಯ ಕಾನೂನು, ಶಿಕ್ಷಣದ ನೀತಿ, ನ್ಯಾಯದ ಕ್ರಮ ಎಲ್ಲವೂ ಎರಡಾಗಿಯೇ ಉಳಿದುವು. ೧೯೨೨ರ ರಾಜ್ಯಾಂಗ ಸುಧಾರಣೆಯಲ್ಲಿ ಚುನಾಯಿತ ಸದಸ್ಯರನ್ನುಳ್ಳ ಶಾಸನಸಭೆ ಬಂದಿತಾದರೂ ಅದರ ಅಧಿಕಾರ ದಕ್ಷಿಣಕ್ಕೆ ಮಾತ್ರ ಸೀಮಿತ. ಉತ್ತರಕ್ಕೆ ಗವರ್ನರನ ಆಜ್ಞೆಯೇ ಶಾಸನ. ಉತ್ತರದ ಮತ್ತು ದಕ್ಷಿಣದ ಪ್ರತಿನಿಧಿಗಳು ಒಂದೇ ಸಭೆಯಲ್ಲಿ ಮೊದಲ ಬಾರಿಗೆ ಎದುರುಬದುರು ಕುಳಿತದ್ದು ೧೯೪೭ರಲ್ಲಿ, ಏಕೀಕರಣವಾದ ಮೂವತ್ತಮೂರು ವರ್ಷಗಳ ಮೇಲೆ. ಒಂದೇ ದೇಶದವರೆನಿಸಿಕೊಂಡ ಜನ ಒಂದು ತಲೆಮಾರಿನ ಕಾಲ ಒಬ್ಬರ ಮಾತನ್ನೊಬ್ಬರು ಕೇಳುವ ವೇದಿಕೆಯೇ ಇಲ್ಲದೆ ಬೆಳೆದರು.

ಅರಸರಿಲ್ಲದ ಇಗ್ಬೊ ಸೀಮೆಯಲ್ಲಿ ಪರೋಕ್ಷ ಆಡಳಿತ ಇನ್ನೂ ವಿಪರೀತದ ರೂಪ ತಾಳಿತು. ಅರಸರಿಲ್ಲದ ಕಡೆ ಅರಸರನ್ನು ಸೃಷ್ಟಿಸಬೇಕಾಯಿತು. ಸರ್ಕಾರ ಯಾರ ಕೈಗೆ ವಾರಂಟು ಕೊಟ್ಟಿತೋ ಅವನೇ ನಾಯಕ. ‘ವಾರಂಟ್ ನಾಯಕ’ರೆಂದೇ ಅವರಿಗೆ ಹೆಸರು ಬಂದಿತು. ಹಿಂದೆ ಊರ ಕೂಟಕ್ಕೆ ಹೊಣೆಯಾಗಿದ್ದ ಅಧಿಕಾರ ಈಗ ಮೇಲಿನ ಅಧಿಕಾರಿಗೆ ಮಾತ್ರ ಹೊಣೆಯಾಯಿತು, ಲಂಚ ಬೆಳೆಯಿತು. ೧೯೨೮ರಲ್ಲಿ ಗಂಡಸರ ಮೇಲೆ ತಲೆಗಂದಾಯ ಬಂದಿತು. ಮರುವರ್ಷ ಹೆಂಗಸರನ್ನೂ ಅವರ ಸ್ವತ್ತನ್ನೂ ಎಣಿಸತೊಡಗಿದಾಗ ತಮ್ಮ ಮೇಲೂ ತೆರಿಗೆ ಬರುವುದೆಂದು ಹೆಂಗಸರು ಸಾವಿರಗಟ್ಟಲೆ ಎದ್ದುನಿಂತರು. ನಾಯಕರ ಟೋಪಿಗಳನ್ನು ಕಸಿದುಕೊಂಡರು, ನ್ಯಾಯಾಲಯಗಳನ್ನು ಸುಟ್ಟರು. ಪೊಲೀಸರ ಮತ್ತು ಸೈನಿಕರ ಗುಂಡಿಗೆ ಐವತ್ತಕ್ಕೂ ಹೆಚ್ಚು ಹೆಂಗಸರು ಬಲಿಯಾದರು. ಆ ನಾಡಿನವರು ಇಂದಿಗೂ ಅದನ್ನು ಹೆಂಗಸರ ಯುದ್ಧವೆಂದೇ ಕರೆಯುತ್ತಾರೆ.

೪

ಒಡಕನ್ನು ಆಳಗೊಳಿಸಿದ ಮುಖ್ಯ ಸಾಧನಗಳು ಎರಡು: ಒಂದು ಶಾಲೆ, ಮತ್ತೊಂದು ನೆಲ.

ಉತ್ತರವನ್ನು ಗೆದ್ದಾಗ ಲುಗಾರ್ಡನು ಅಮೀರರಿಗೆ ಅವರ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟನು. ಅದರಂತೆ ಇಸ್ಲಾಮೀ ಸೀಮೆಗಳಿಗೆ ಮಿಷನರಿಗಳ ಪ್ರವೇಶ ಬಹುಮಟ್ಟಿಗೆ ನಿಷಿದ್ಧವಾಯಿತು. ಮಾತನ್ನು ಉಳಿಸಿಕೊಂಡದ್ದು ತಪ್ಪಲ್ಲ. ಆದರೆ ಇಂಗ್ಲಿಷ್ ಶಿಕ್ಷಣವೆಲ್ಲ ಮಿಷನರಿಗಳ ಕೈಯಲ್ಲಿದ್ದ ಕಾಲದಲ್ಲಿ ಅವರನ್ನು ತಡೆದ ಸರ್ಕಾರ ತಾನಾದರೂ ಶಾಲೆಗಳನ್ನು ತೆರೆಯಬೇಕಾಗಿತ್ತು. ತೆರೆದುದು ಅತ್ಯಲ್ಪ. ಕುರಾನ್ ಶಾಲೆಗಳಲ್ಲಿ ಅರಬ್ಬೀ ಓದುಬರಹ ಕಲಿತವರು ಉತ್ತರದಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೆ ಹೊಸ ಸರ್ಕಾರದ ಕಚೇರಿಯಲ್ಲಿ ಆ ವಿದ್ಯೆಗೆ ಬೆಲೆಯಿರಲಿಲ್ಲ. ೧೯೫೧ರ ಹೊತ್ತಿಗೆ ಉತ್ತರದ ಒಂದು ಕೋಟಿ ಅರುವತ್ತು ಲಕ್ಷ ಜನರಲ್ಲಿ ವಿಶ್ವವಿದ್ಯಾಲಯದ ಪೂರ್ಣ ಪದವಿ ಪಡೆದವನು ಒಬ್ಬನೇ ಇದ್ದನೆಂದೂ ಅವನು ಕ್ರೈಸ್ತಮತಕ್ಕೆ ಸೇರಿದ ಫುಲಾನಿಯೆಂದೂ ಅಮೆರಿಕದ ವಿದ್ವಾಂಸ ಜೇಮ್ಸ್ ಕೋಲ್ಮನ್ ಬರೆದಿದ್ದಾನೆ. ದಕ್ಷಿಣದಲ್ಲಿ ಅಷ್ಟರಲ್ಲಿ ವಕೀಲರು, ವೈದ್ಯರು, ಪತ್ರಿಕಾಕರ್ತರು ಎರಡು ಮೂರು ತಲೆಮಾರು ಕಂಡಿದ್ದರು.

ಇದರ ಪರಿಣಾಮ ಬಹು ದೂರ ಹೋಯಿತು. ಲೇಗೋಸಿನಿಂದ ಹೊರಟ ರೈಲುದಾರಿ ೧೯೧೧ರಲ್ಲಿ ಕಾನೊವನ್ನು ಮುಟ್ಟಿತು. ರೈಲ್ವೆಗೂ ಅಂಚೆಗೂ ಕಂಪನಿಗಳಿಗೂ ಇಂಗ್ಲಿಷ್ ಬಲ್ಲ ಗುಮಾಸ್ತರು ಬೇಕು; ಉತ್ತರದಲ್ಲಿ ಅವರಿಲ್ಲ. ಆದಕಾರಣ ದಕ್ಷಿಣದ ತರುಣರು, ಅವರಲ್ಲಿಯೂ ನೆಲ ಸಾಲದೆ ಊರು ಬಿಟ್ಟ ಇಗ್ಬೊಗಳು, ಸಾವಿರಗಟ್ಟಲೆ ಉತ್ತರಕ್ಕೆ ವಲಸೆ ಹೋದರು. ಬಂದವರನ್ನು ಹಳೆಯ ಪಟ್ಟಣದ ಕೋಟೆಗೋಡೆಯೊಳಗೆ ಸೇರಿಸದೆ ಹೊರಗೆ ‘ಸಾಬೊನ್ ಗಾರಿ’ ಎಂಬ ಬೇರೆ ಬಡಾವಣೆ ಕಟ್ಟಿ ಇರಿಸಲಾಯಿತು. ಹೌಸಾ ನುಡಿಯಲ್ಲಿ ಆ ಹೆಸರಿಗೆ ‘ಹೊಸ ಊರು’ ಎಂದರ್ಥ. ಹಳೆಯ ಊರು ಅಮೀರನ ಆಡಳಿತಕ್ಕೆ ಸೇರಿದುದು. ಹೊಸ ಊರಿನ ವ್ಯವಸ್ಥೆ ಬೇರೆ, ಶಾಲೆ ಬೇರೆ, ಸಂತೆ ಬೇರೆ. ಹೀಗೆ ವಲಸಿಗನು ನೆರೆಯವನಾಗಿ ಬೆರೆಯುವ ಸಂದರ್ಭವೇ ಇಲ್ಲದಂತೆ ಊರಿನ ನಕ್ಷೆ ರಚಿತವಾಯಿತು. ಮೂವತ್ತು ವರ್ಷ ಅಲ್ಲಿ ದುಡಿದವನೂ ಅಲ್ಲಿಯೇ ಹುಟ್ಟಿದ ಅವನ ಮಗನೂ ‘ಪರಕೀಯ’ರಾಗಿಯೇ ಉಳಿದರು.

ನೆಲದ ಕಾನೂನು ಈ ಗೆರೆಯನ್ನು ಇನ್ನಷ್ಟು ಗಟ್ಟಿಮಾಡಿತು. ೧೯೧೦ ಮತ್ತು ೧೯೧೬ರ ಕಾನೂನುಗಳು ಉತ್ತರದ ಭೂಮಿಯನ್ನೆಲ್ಲ ಸ್ಥಳೀಯ ಜನರ ಪರವಾಗಿ ಸರ್ಕಾರದ ಹತೋಟಿಗೆ ತಂದುವು. ಬಿಳಿಯ ತೋಟಗಾರರು ನೆಲವನ್ನು ನುಂಗದಂತೆ ಇವು ತಡೆದುವೆಂಬುದು ನಿಜ. ಕೆನ್ಯಾದ ಗತಿ ನೈಜೀರಿಯಾಕ್ಕೆ ಬರಲಿಲ್ಲ. ಆದರೆ ‘ಸ್ಥಳೀಯನು ಯಾರು?’ ಎಂಬ ಪ್ರಶ್ನೆ ಆಗಲೇ ಕಾನೂನಿನ ಪ್ರಶ್ನೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ೧೯೬೨ರಲ್ಲಿ ಉತ್ತರ ಪ್ರಾಂತದ ಸರ್ಕಾರವೇ ಮಾಡಿದ ಭೂಹಿಡುವಳಿ ಕಾನೂನು ಆ ಪ್ರಶ್ನೆಗೆ ಹುಟ್ಟಿನ ಉತ್ತರವನ್ನೇ ಕೊಟ್ಟಿತು: ಉತ್ತರದ ಮೂಲ ಜನಾಂಗಕ್ಕೆ ಸೇರಿದ ತಂದೆಯ ಮಕ್ಕಳು ಮಾತ್ರ ಸ್ಥಳೀಯರು. ಪರರ ಆಳ್ವಿಕೆಯಲ್ಲಿ ಹುಟ್ಟಿದ ಭೇದವನ್ನು ಸ್ವಂತ ಸರ್ಕಾರ ಕೈಯಾರೆ ಮುಂದುವರಿಸಿತು.

ಪರಊರಿನಲ್ಲಿ ನೆಲಸಿದವರು ಸಂಘ ಕಟ್ಟಿಕೊಳ್ಳುವುದು ಎಲ್ಲಿಯೂ ಸಹಜವೇ. ಇಗ್ಬೊ, ಇಬಿಬಿಯೊ ಮೊದಲಾದ ಜನರ ಪಟ್ಟಣ ಸಂಘಗಳು ಕಷ್ಟಕ್ಕೆ ನೆರವಾದುವು, ತಮ್ಮ ಹಳ್ಳಿಗಳಲ್ಲಿ ಶಾಲೆಗಳನ್ನು ಕಟ್ಟಿಸಿದುವು. ೧೯೩೮ರಲ್ಲಿ ಇಬಿಬಿಯೊ ಸಂಘ ಆರು ಮಂದಿ ತರುಣರನ್ನು ವಿದ್ಯಾಭ್ಯಾಸಕ್ಕಾಗಿ ಹೊರದೇಶಗಳಿಗೆ ಕಳುಹಿಸಿತು. ನೆಲಸಿದ ಊರಿನ ಪೌರತ್ವ ದೊರೆಯದವನಿಗೆ ಹುಟ್ಟಿದ ಊರಿನ ಸಂಘವೊಂದೇ ಆಸರೆ. ಆದರೆ ಅಧಿಕಾರದ ರಾಜಕೀಯ ಬಂದಾಗ ಈ ಸಂಘಗಳೇ ಮತಯಾಚನೆಯ ಮೆಟ್ಟಿಲುಗಳಾದುವು.

೫

ಎರಡನೆಯ ಮಹಾಯುದ್ಧದ ತರುವಾಯ ಅಧಿಕಾರದ ಹಸ್ತಾಂತರ ಸಮೀಪಿಸಿತು. ೧೯೩೯ರಲ್ಲಿಯೇ ದಕ್ಷಿಣವನ್ನು ಪೂರ್ವ, ಪಶ್ಚಿಮಗಳೆಂದು ಎರಡು ಮಾಡಲಾಗಿತ್ತು; ದೇಶದ ನೆಲದಲ್ಲಿ ಮುಕ್ಕಾಲಿಗೂ ಮಿಕ್ಕಿದ್ದ ಉತ್ತರವನ್ನು ಮಾತ್ರ ಇಡಿಯಾಗಿ ಬಿಡಲಾಗಿತ್ತು. ೧೯೪೬ರಲ್ಲಿ ರಚಿತವಾದ ರಿಚರ್ಡ್ಸ್ ರಾಜ್ಯಾಂಗ ಈ ಮೂರು ಭಾಗಗಳಿಗೂ ಒಂದೊಂದು ಸಭೆಯನ್ನು ಕೊಟ್ಟಿತು. ಮೂರರಲ್ಲಿಯೂ ಒಂದೊಂದು ದೊಡ್ಡ ಜನಾಂಗ: ಉತ್ತರದಲ್ಲಿ ಹೌಸಾ-ಫುಲಾನಿ, ಪಶ್ಚಿಮದಲ್ಲಿ ಯೊರುಬಾ, ಪೂರ್ವದಲ್ಲಿ ಇಗ್ಬೊ. ನೂರಾರು ನುಡಿಗಳ ದೇಶದಲ್ಲಿ ಉಳಿದವರೆಲ್ಲ ಈ ಮೂವರಲ್ಲಿ ಒಬ್ಬರ ನೆರಳಿನಲ್ಲಿ ಅಲ್ಪಸಂಖ್ಯಾತರಾದರು. ಉತ್ತರದ ದಕ್ಷಿಣ ಅಂಚಿನ ತಿವ್ ಜನ, ಪೂರ್ವದ ಇಬಿಬಿಯೊ ಮತ್ತು ಇಜಾ ಜನ ತಮಗೆ ಬೇರೆ ಪ್ರಾಂತ ಬೇಕೆಂದರು. ಅವರ ಅಹವಾಲನ್ನು ಕೇಳಲು ೧೯೫೭ರಲ್ಲಿ ನೇಮಕವಾದ ವಿಲಿಂಕ್ ಆಯೋಗ, ಅವರ ಭಯಕ್ಕೆ ಕಾರಣವುಂಟೆಂದು ಒಪ್ಪಿಯೂ ಹೊಸ ಪ್ರಾಂತಗಳ ರಚನೆಗೆ ಸಮ್ಮತಿಸಲಿಲ್ಲ.

೧೯೫೪ರ ರಾಜ್ಯಾಂಗ ಪ್ರಾಂತಗಳ ಕೈಗೆ ಹಣವನ್ನೂ ಹುದ್ದೆಗಳನ್ನೂ ಕೊಟ್ಟಿತು. ಉತ್ತರದ ಶೇಂಗಾ, ಪಶ್ಚಿಮದ ಕೋಕೋ, ಪೂರ್ವದ ತಾಳೆ ಎಣ್ಣೆ ಇವುಗಳ ಮಾರಾಟ ಮಂಡಲಿಗಳು ಪ್ರಾಂತಗಳ ಪಾಲಾದುವು. ಈ ಮಂಡಲಿಗಳಲ್ಲಿ ರೈತನಿಗೆ ಸಲ್ಲದೆ ಕೂಡಿದ್ದ ನಿಧಿ ಅಪಾರವಾಗಿತ್ತು. ಪ್ರಾಂತದ ಅಧಿಕಾರ ಹಿಡಿದ ಪಕ್ಷಕ್ಕೆ ಬೊಕ್ಕಸದ ಬೀಗದ ಕೈ ಸಿಕ್ಕಂತಾಯಿತು; ಪ್ರಾಂತದ ಅಧಿಕಾರ ದೊರೆಯಬೇಕಾದರೆ ಅಲ್ಲಿನ ದೊಡ್ಡ ಜನಾಂಗದ ಮತ ಒಂದೇ ಕಡೆ ಬೀಳಬೇಕು. ಪಕ್ಷಗಳು ಜನಾಂಗದ ಬಣ್ಣ ತಾಳಿದ್ದು ಈ ಲೆಕ್ಕದಿಂದಲೇ.

ನಾಮ್ಡಿ ಅಜಿಕಿವೆಯ ಜೀವನ ಇದಕ್ಕೆ ನಿದರ್ಶನ. ಆತ ಇಗ್ಬೊ, ಹುಟ್ಟಿದ್ದು ೧೯೦೪ರಲ್ಲಿ, ಉತ್ತರದ ಜುಂಗೆರು ಎಂಬಲ್ಲಿ. ಅದು ಲುಗಾರ್ಡನು ತನ್ನ ರಾಜಧಾನಿಯಾಗಿ ಕಟ್ಟಿದ ಊರು. ಅಜಿಕಿವೆಯ ತಂದೆ ಅಲ್ಲಿ ಸೈನ್ಯದ ಗುಮಾಸ್ತ. ಹೌಸಾ, ಯೊರುಬಾ, ಇಗ್ಬೊ ಮೂರೂ ನುಡಿಗಳನ್ನು ಬಲ್ಲ ಆತ ೧೯೪೪ರಲ್ಲಿ ಯೊರುಬಾ ಮುಖಂಡ ಹರ್ಬರ್ಟ್ ಮೆಕಾಲೆಯೊಡನೆ ಸೇರಿ ಇಡೀ ದೇಶಕ್ಕೊಂದು ಪಕ್ಷ ಕಟ್ಟಿದನು. ೧೯೫೧ರಲ್ಲಿ ಲೇಗೋಸಿನಿಂದ ಪಶ್ಚಿಮ ಪ್ರಾಂತದ ಸಭೆಗೆ ಆರಿಸಿಯೂ ಬಂದನು. ಆದರೆ ಅಲ್ಲಿ ಅಧಿಕಾರ ಯೊರುಬಾ ಬೆಂಬಲದ ಆಕ್ಷನ್ ಗ್ರೂಪ್ ಪಕ್ಷಕ್ಕೆ ಹೋಯಿತು. ಕೊನೆಗೆ ಆತ ಪೂರ್ವಕ್ಕೆ ಮರಳಿ ೧೯೫೪ರಲ್ಲಿ ಅಲ್ಲಿನ ಪ್ರಧಾನಿಯಾದನು. ದೇಶದ ನಾಯಕನಾಗಬೇಕೆಂದು ಹೊರಟವನು ಜನಾಂಗದ ನಾಯಕನಾಗಿ ನಿಲ್ಲಬೇಕಾಯಿತು.

೬

ಸಂಚಿತವಾದುದು ಸಿಡಿಯುವ ಕಾಲ ಬಂದಿತು. ೧೯೫೩ರ ಮಾರ್ಚಿಯಲ್ಲಿ, ೧೯೫೬ರೊಳಗೆ ಸ್ವರಾಜ್ಯ ಬೇಕೆಂಬ ಗೊತ್ತುವಳಿಯನ್ನು ದಕ್ಷಿಣದ ಸದಸ್ಯರು ಮಂಡಿಸಿದರು. ಉತ್ತರದವರು ಹಿಂಜರಿದರು. ಕಾರಣ ಸ್ಪಷ್ಟ: ವಿದ್ಯಾವಂತರಿಲ್ಲದ ಉತ್ತರಕ್ಕೆ ಬೇಗ ಬಂದ ಸ್ವರಾಜ್ಯವೆಂದರೆ ಬಿಳಿಯ ಅಧಿಕಾರಿಯ ಕುರ್ಚಿಯಲ್ಲಿ ದಕ್ಷಿಣದ ಅಧಿಕಾರಿ ಕೂಡುವುದು. ಲೇಗೋಸಿನ ಬೀದಿಗಳಲ್ಲಿ ಉತ್ತರದ ಸದಸ್ಯರನ್ನು ಜನ ಹೀಯಾಳಿಸಿದರು. ಮೇ ತಿಂಗಳಲ್ಲಿ ಕಾನೊದಲ್ಲಿ ಗಲಭೆಯೆದ್ದು ಸರ್ಕಾರಿ ಲೆಕ್ಕದಂತೆ ೩೬ ಜನ ಸತ್ತರು. ಗಲಭೆ ನಡೆದುದು ಸಾಬೊನ್ ಗಾರಿಯಲ್ಲಿ. ಉತ್ತರದ ಸರ್ಕಾರವಾದರೋ ಉದ್ಯೋಗಗಳಲ್ಲಿ ಉತ್ತರದವರಿಗೆ ಮೊದಲ ಸ್ಥಾನ, ಅವರಿಲ್ಲದಿದ್ದರೆ ಹೊರದೇಶದವರಿಗೆ, ಕಟ್ಟಕಡೆಗೆ ದಕ್ಷಿಣದವರಿಗೆ ಎಂಬ ನೀತಿಯನ್ನು ಅನುಸರಿಸಿತು. ಶಾಲೆಯಲ್ಲಿ ಆದ ಅನ್ಯಾಯವನ್ನು ಕಚೇರಿಯಲ್ಲಿ ಸರಿಪಡಿಸಲು ಹೋದುದರ ಫಲವಿದು.

೧೯೫೯ರ ಚುನಾವಣೆಯಲ್ಲಿ ಕೇಂದ್ರದ ೩೧೨ ಸ್ಥಾನಗಳಲ್ಲಿ ೧೭೪ ಉತ್ತರದವು. ಒಂದು ಪ್ರಾಂತ ಉಳಿದೆಲ್ಲವನ್ನೂ ಮೀರಿಸುವ ಒಕ್ಕೂಟ ನೆಮ್ಮದಿಯಿಂದ ನಡೆಯುವುದು ದುಸ್ತರ. ೧೯೬೬ರ ಜನವರಿಯಲ್ಲಿ, ಬಹುಪಾಲು ಇಗ್ಬೊಗಳಾಗಿದ್ದ ಕಿರಿಯ ಸೇನಾಧಿಕಾರಿಗಳು ಕ್ಷಿಪ್ರಕ್ರಾಂತಿ ನಡೆಸಿ ಪ್ರಧಾನಮಂತ್ರಿ ಬಲೇವಾನನ್ನೂ ಉತ್ತರದ ಪ್ರಧಾನಿ ಅಹ್ಮದು ಬೆಲ್ಲೋನನ್ನೂ ಕೊಂದರು. ಮೇ ತಿಂಗಳಲ್ಲಿ ಸೈನಿಕ ಸರ್ಕಾರ ಪ್ರಾಂತಗಳನ್ನೇ ರದ್ದುಪಡಿಸಿ ಏಕರಾಜ್ಯವನ್ನು ಸಾರಿದಾಗ, ಉತ್ತರದವರಿಗೆ ಅದು ತಮ್ಮನ್ನು ನುಂಗುವ ಹಂಚಿಕೆಯೆಂದು ತೋರಿತು. ಜುಲೈಯಲ್ಲಿ ಪ್ರತಿಕ್ರಾಂತಿ, ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಉತ್ತರದ ಪಟ್ಟಣಗಳಲ್ಲಿ ಇಗ್ಬೊಗಳ ಸಾಮೂಹಿಕ ಕೊಲೆ. ಸಾವಿರಾರು ಮಂದಿ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ, ಅಂಗಡಿ, ಉದ್ಯೋಗ ಎಲ್ಲವನ್ನೂ ಬಿಟ್ಟು, ಅವರಲ್ಲಿ ಎಷ್ಟೋ ಮಂದಿ ತಾವು ಕಂಡೇ ಇರದ ‘ಸ್ವಂತ’ ಊರಿಗೆ ಓಡಿದರು. ಬಡಾವಣೆ ಬೇರೆಯಾಗಿದ್ದುದರಿಂದ ಕೊಲೆಗಾರರಿಗೆ ಹುಡುಕುವ ಶ್ರಮವೂ ಇರಲಿಲ್ಲ.

೧೯೬೭ರ ಮೇ ೩೦ರಂದು ಪೂರ್ವ ಪ್ರಾಂತ ‘ಬಯಾಫ್ರಾ’ ಎಂಬ ಹೆಸರಿನಲ್ಲಿ ಸ್ವತಂತ್ರವೆಂದು ಸಾರಿಕೊಂಡಿತು. ಅದರ ನಾಯಕ ಓಜುಕ್ವು ಹುಟ್ಟಿದ್ದೂ ಅದೇ ಜುಂಗೆರುವಿನಲ್ಲಿ. ೧೯೫೬ರಲ್ಲಿ ಪೂರ್ವದ ನದೀಮುಖಜ ಭೂಮಿಯಲ್ಲಿ ಪೆಟ್ರೋಲಿಯಂ ದೊರೆತಿದ್ದುದು ಎರಡು ಕಡೆಯ ಹಟವನ್ನೂ ಹೆಚ್ಚಿಸಿತು. ಯುದ್ಧ ೧೯೭೦ರ ಜನವರಿಯವರೆಗೆ ನಡೆಯಿತು. ಸತ್ತವರ ಅಂದಾಜು ಐದು ಲಕ್ಷದಿಂದ ಮೂವತ್ತು ಲಕ್ಷದವರೆಗೆ ವ್ಯತ್ಯಾಸವಾಗುತ್ತದೆ. ಅವರಲ್ಲಿ ಬಹುಸಂಖ್ಯಾತರು ಹಸಿವಿನಿಂದ ಸತ್ತವರು, ಅದರಲ್ಲಿಯೂ ಮಕ್ಕಳು.

೭

ಯುದ್ಧಾನಂತರ ದೇಶ ಕಲಿತ ಪಾಠವೂ ಉಂಟು, ಕಲಿಯದ ಪಾಠವೂ ಉಂಟು. ದೊಡ್ಡ ಪ್ರಾಂತಗಳು ಒಡೆದು ೧೯೬೭ರಲ್ಲಿ ೧೨ ರಾಜ್ಯಗಳಾದುವು. ೧೯೯೬ರಿಂದ ಅವು ೩೬. ಉತ್ತರದ ಏಕಶಿಲೆ ಕರಗಿತು. ಹಲವು ಸಣ್ಣ ಜನಾಂಗಗಳಿಗೆ ತಮ್ಮದೆನ್ನುವ ರಾಜ್ಯ ದೊರೆಯಿತು. ಪದವೀಧರ ತರುಣರು ಒಂದು ವರ್ಷ ಬೇರೆ ರಾಜ್ಯದಲ್ಲಿ ಸೇವೆ ಮಾಡುವ ಏರ್ಪಾಡು ೧೯೭೩ರಲ್ಲಿ ಬಂದಿತು. ಆದರೆ ‘ಮೂಲನಿವಾಸಿ’ ಮತ್ತು ‘ನೆಲಸಿದವ’ ಎಂಬ ಭೇದ ಅಳಿಯಲಿಲ್ಲ. ಶಾಲೆಯ ಪ್ರವೇಶಕ್ಕೂ ಸರ್ಕಾರಿ ಹುದ್ದೆಗೂ ಮೂಲನಿವಾಸಿಯೆಂಬ ದೃಢೀಕರಣ ಪತ್ರವನ್ನು ಸ್ಥಳೀಯ ಸಂಸ್ಥೆಯಿಂದ ತರಬೇಕಾಗುತ್ತದೆ; ಹುಟ್ಟಿ ಬೆಳೆದ ಊರಿನಲ್ಲಿಯೇ ಅದು ದೊರೆಯದವರು ಲಕ್ಷಾಂತರ. ೨೦೦೧, ೨೦೦೮ ಮತ್ತು ೨೦೧೦ರಲ್ಲಿ ಜಾಸ್ ನಗರದಲ್ಲಿ ನಡೆದ ಹತ್ಯೆಗಳ ಹಿಂದೆ ಈ ವಿವಾದವೂ ಇದ್ದಿತು.

ಈ ಎಲ್ಲ ಸಂಗತಿಗಳಿಂದ ತಿಳಿದುಬರುವುದೇನು? ಲುಗಾರ್ಡನು ನೈಜೀರಿಯಾವನ್ನು ಒಡೆಯಬೇಕೆಂದು ಸಂಕಲ್ಪ ಮಾಡಿ ಕುಳಿತವನಲ್ಲ. ಕಡಿಮೆ ಖರ್ಚಿನಲ್ಲಿ ಆಳುವುದು ಅವನ ಉದ್ದೇಶ. ಕಡಿಮೆ ಖರ್ಚಿನ ಆಳ್ವಿಕೆಗೆ ಪ್ರತಿಯೊಬ್ಬನೂ ಒಂದು ಜನಾಂಗದ ಪಟ್ಟಿಯಲ್ಲಿ, ಒಬ್ಬ ನಾಯಕನ ಕೈಕೆಳಗೆ, ಒಂದು ಬಡಾವಣೆಯ ಒಳಗೆ ಇರುವುದು ಅನುಕೂಲ. ಹಿಂದೆ ಮನುಷ್ಯನ ಅನೇಕ ಗುರುತುಗಳಲ್ಲಿ ಒಂದಾಗಿದ್ದ ಜನಾಂಗ, ಈಗ ನೆಲವನ್ನೂ ಶಾಲೆಯನ್ನೂ ಉದ್ಯೋಗವನ್ನೂ ಮತವನ್ನೂ ಪಡೆಯುವ ರಹದಾರಿಯಾಯಿತು. ದುರುದ್ದೇಶದಿಂದ ಮಾಡಿದ ಒಡಕನ್ನು ಜನ ಗುರುತಿಸಿ ಎದುರಿಸಬಹುದು; ದಿನನಿತ್ಯದ ಆಡಳಿತದಲ್ಲಿ ಸೇರಿಹೋದ ಒಡಕು ಕಣ್ಣಿಗೆ ಬೀಳುವುದಿಲ್ಲ. ಆಳುವವರು ಹೊರಟುಹೋದ ಮೇಲೂ ಅದು ಉಳಿದುದು ಈ ಕಾರಣದಿಂದ.

ಬೇರೊಂದು ದಾರಿ ಸಾಧ್ಯವಿತ್ತೆಂಬುದಕ್ಕೆ ಆ ನಾಡಿನ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ೧೯೫೦ರ ದಶಕದಲ್ಲಿ ಪೂರ್ವದ ರಾಜಧಾನಿ ಎನುಗು ನಗರದ ಮೇಯರನಾಗಿ ಚುನಾಯಿತನಾದವನು ಉಮರು ಅಲ್ತಿನೆ. ಆತ ಸೊಕೊಟೊ ಸೀಮೆಯ ಫುಲಾನಿ ಮುಸಲ್ಮಾನ. ಆರಿಸಿದವರಲ್ಲಿ ಬಹುಮಂದಿ ಇಗ್ಬೊ ಕ್ರೈಸ್ತರು. ಆತ ಎಲ್ಲಿಂದ ಬಂದವನೆಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ. ತಿಳಿದೂ, ತಮ್ಮ ಊರಿನಲ್ಲಿ ನೆಲಸಿ ತಮ್ಮೊಡನೆ ಬಾಳಿದವನು ತಮ್ಮ ಊರಿನವನೇ ಎಂದು ಅವರು ಮತ ಕೊಟ್ಟರು.